ಇಟಲಿಯಿಂದ ಬಂದ ದಂಡದ ನೋಟಿಸ್

(ಇಬ್ಬರ ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ.)

ಇಬ್ಬರಿಗೂ ಮೂವತ್ತು ದಾಟಿದೆ. ಬೆಂಗಳೂರಿನಲ್ಲಿ ಕೆಲಸ. ಮದುವೆಯಾಗಿ ಆರು ವರ್ಷ. ಗಂಡ ಹೆಂಡತಿಯರ ಜಗಳ ಕೇಳಿ ಸಲಹೆ ಕೊಡುವ ಆಪ್ತಸಮಾಲೋಚಕಿ ನಾನು. ಮೊದಲ ದಿನ ನನ್ನ ಹತ್ತಿರ ಬಂದಾಗ ಆತನ ಕೈಯಲ್ಲಿ ಒಂದು ಕಾಗದ ಇತ್ತು. ದಕ್ಷಿಣ ಇಟಲಿಯ ಲೆಚ್ಚೆ ಊರಿನಲ್ಲಿ ಕಾರು ಓಡಿಸಿದ್ದಕ್ಕೆ ಬಂದ ದಂಡದ ನೋಟಿಸ್. ಪ್ರವಾಸ ಮುಗಿದು ಏಳು ತಿಂಗಳಾದ ಮೇಲೆ ಮನೆಗೆ ಬಂದಿತ್ತು. ಅದು ಬಂದ ರಾತ್ರಿ ಶುರುವಾದ ಜಗಳ ಎರಡು ವಾರವಾದರೂ ನಿಂತಿರಲಿಲ್ಲ. ಆಕೆ ಬೇರೆ ಕೋಣೆಯಲ್ಲಿ ಮಲಗುತ್ತಿದ್ದರು.

ನೋಟಿಸಿನ ಹಿನ್ನೆಲೆ ಇಷ್ಟು. ಇಟಲಿಯ ಎಷ್ಟೋ ಹಳೇ ಊರುಗಳ ನಡುಭಾಗಕ್ಕೆ ಹೊರಗಿನವರ ಕಾರು ಹೋಗುವ ಹಾಗಿಲ್ಲ. ಆ ಜಾಗಕ್ಕೆ ಜೆಡ್‌ಟಿಎಲ್, ಅಂದರೆ ಸೀಮಿತ ಸಂಚಾರದ ವಲಯ, ಅಂತಾರೆ. ಬಿಳಿ ಬೋರ್ಡಿನ ಮೇಲೆ ಕೆಂಪು ವೃತ್ತ, ಮೇಲೊಂದು ಕ್ಯಾಮೆರಾ. ಯಾರೂ ತಡೆಯುವುದಿಲ್ಲ, ಸೀಟಿ ಊದುವುದಿಲ್ಲ. ನಂಬರ್ ಪ್ಲೇಟ್ ಫೋಟೋ ತೆಗೆದು, ಬಾಡಿಗೆ ಕಾರಿನವರಿಂದ ವಿಳಾಸ ಪಡೆದು ಪತ್ರ ಕಳಿಸುತ್ತಾರೆ. ಹೊರದೇಶದವರಿಗೆ ನೋಟಿಸ್ ಕಳಿಸಲು ಅವರಿಗೆ 360 ದಿನದ ಅವಕಾಶ ಇದೆ. ಹಾಗಾಗಿ ಮರೆತೇ ಹೋದ ಒಂದು ಮಧ್ಯಾಹ್ನ ಮತ್ತೆ ಬಂದು ಬಾಗಿಲು ತಟ್ಟುತ್ತದೆ.

"ಮ್ಯಾಪ್ ನೋಡ್ತಾ ಇದ್ದಿದ್ದು ಇವಳು" ಅಂದರು ಆತ. "ಸ್ಟೀರಿಂಗ್ ಹಿಡಿದಿದ್ದು ಯಾರು, ಕೇಳಿ ಮೇಡಂ" ಅಂದರು ಆಕೆ. ಇಬ್ಬರೂ ಸಂಪಾದಿಸುವವರು. ಆ ದಂಡ ಅವರಿಗೆ ದೊಡ್ಡ ಮೊತ್ತವೇ ಅಲ್ಲ. ಹಣ ದೊಡ್ಡದಲ್ಲದಿದ್ದರೂ ಹಣದ ಮೇಲೇ ಜಗಳ ನಡೆಯುತ್ತಿದೆ ಅಂದರೆ ಒಳಗೆ ಬೇರೆ ಏನೋ ಇದೆ ಅಂತ ನನಗೆ ಅನ್ನಿಸುತ್ತದೆ. ಅದಕ್ಕೇ ಇಬ್ಬರನ್ನೂ ಬೇರೆ ಬೇರೆ ಕೂರಿಸಿ, ಆ ಪ್ರವಾಸವನ್ನು ಮೊದಲ ದಿನದಿಂದ ಹೇಳಲು ಕೇಳಿದೆ.

ಅವರು ಹೋಗಿದ್ದು ಪುಲಿಯಾಕ್ಕೆ. ಇಟಲಿಯ ಬೂಟಿನ ಹಿಮ್ಮಡಿ ಇರುವ ಕಡೆ. ಬಾರಿ ನಗರದಲ್ಲಿ ವಿಮಾನ ಇಳಿದು, ಕಾರು ಬಾಡಿಗೆ ಹಿಡಿದು, ಕರಾವಳಿ ಹಿಡಿದು ಪೊಲಿನ್ಯಾನೊ ಆ ಮಾರೆ, ಮೊನೊಪೊಲಿ, ಒಸ್ತೂನಿ, ಲೆಚ್ಚೆ, ಒತ್ರಾಂತೊ, ಕೊನೆಗೆ ತುದಿಯ ಲೆವುಕಾ. ಆಕೆ ಆರು ತಿಂಗಳು ಕೂತು ಮಾಡಿದ ಯೋಜನೆ.

ಆತ ಹೇಳಿದ್ದು ಹೆದರಿಕೆಯ ಕತೆ. ಜೀವನದಲ್ಲಿ ಮೊದಲ ಸಲ ರಸ್ತೆಯ ಬಲಗಡೆ ಓಡಿಸಿದ್ದು. ಸ್ಟೀರಿಂಗ್ ಎಡಕ್ಕೆ, ಗೇರು ಬಲಗೈಗೆ. ಎಷ್ಟೋ ಸಲ ಎಡಗೈ ಸುಮ್ನೆ ಬಾಗಿಲಿಗೆ ಬಡಿಯುತ್ತಿತ್ತಂತೆ. ಹಿಂದಿನ ಕಾರಿನವರು ಲೈಟ್ ಹೊಡೆದು ಅವಸರ ಮಾಡುತ್ತಿದ್ದರು. ಪ್ರತಿ ವೃತ್ತದಲ್ಲೂ ಎದೆ ಧಸಕ್ಕೆನ್ನುತ್ತಿತ್ತು. "ಹೆಂಡತಿಗೆ ಹೇಳಿದ್ರಾ?" ಅಂತ ಕೇಳಿದೆ. "ಹೇಳಿದ್ರೆ ಅವಳೂ ಹೆದರ್ತಾಳೆ ಅಲ್ವಾ" ಅಂದರು.

ಆಕೆಯ ಕತೆ ಬಾರಿಯ ವಿಮಾನ ನಿಲ್ದಾಣದಲ್ಲೇ ಶುರುವಾಯಿತು. ಬ್ಯಾಗಿನಿಂದ ಒಂದು ಚಿಕ್ಕ ಪುಸ್ತಕ ತೆಗೆದು ನನ್ನ ಮುಂದೆ ಇಟ್ಟರು. ಅಂತಾರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್. ಆರ್‌ಟಿಒದಲ್ಲಿ 1,000 ರೂಪಾಯಿ ಕಟ್ಟಿ, ಅರ್ಧ ದಿನ ರಜೆ ಹಾಕಿ ಮಾಡಿಸಿದ್ದು. ಪುಟಗಳು ಇನ್ನೂ ಮಡಿಕೆ ಬೀಳದೆ ಹೊಸದಾಗೇ ಇದ್ದವು. ಈಕೆ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ದಿನಾ ಆಫೀಸಿಗೆ ಕಾರು ಓಡಿಸಿಕೊಂಡು ಹೋಗುವವರು. ಕೌಂಟರಿನಲ್ಲಿದ್ದ ಹುಡುಗ "ಎರಡನೇ ಚಾಲಕರ ಹೆಸರು ಸೇರಿಸಬೇಕಾ? ದಿನಕ್ಕೆ ಇಷ್ಟು ಜಾಸ್ತಿ" ಅಂದನಂತೆ. ಆತ ಇವರ ಕಡೆ ತಿರುಗಿಯೂ ನೋಡದೆ "ಬೇಡ, ನಾನೊಬ್ಬನೇ ಓಡಿಸ್ತೀನಿ" ಅಂದುಬಿಟ್ಟರು.

ಅಲ್ಲಿಂದ ಮುಂದೆ ಆಕೆಗೆ ಉಳಿದದ್ದು ಮಿಕ್ಕ ಎಲ್ಲಾ ಕೆಲಸ. ದಾರಿ ಹೇಳುವುದು, ಪಾರ್ಕಿಂಗ್ ಹುಡುಕುವುದು, ನೀಲಿ ಗೆರೆ ಎಳೆದ, ದುಡ್ಡು ಕೊಡಬೇಕಾದ ಜಾಗವಾದರೆ ಯಂತ್ರಕ್ಕೆ ದುಡ್ಡು ಹಾಕುವುದು, ಹೋಟೆಲಿನವರ ಜೊತೆ ಮಾತಾಡುವುದು, ಮಾಂಸ ಇಲ್ಲದ ಊಟ ಎಲ್ಲಿದೆ ಅಂತ ನೋಡುವುದು. ಲೆಚ್ಚೆ ಮುಟ್ಟಿದಾಗ ಮಧ್ಯಾಹ್ನ ಮೂರು ಗಂಟೆ. ಆ ಕಡೆ ಊಟದ ಹೋಟೆಲುಗಳು ಎರಡೂವರೆಯ ಹೊತ್ತಿಗೆ ಅಡುಗೆಮನೆ ಮುಚ್ಚಿದರೆ ತೆರೆಯುವುದು ಸಂಜೆ ಏಳೂವರೆಗೇ. ಹೊಟ್ಟೆ ಹಸಿದಿತ್ತು. ಆತ "ಎಡಕ್ಕಾ ಬಲಕ್ಕಾ, ಬೇಗ ಹೇಳು" ಅಂತ ಕೂಗಿದರು. ಆಕೆ ಬಾಯಿಗೆ ಬಂದದ್ದು ಹೇಳಿದರು. ಕಾರು ಕ್ಯಾಮೆರಾದ ಕೆಳಗೆ ಹೋಯಿತು. ಮರುದಿನ ಒತ್ರಾಂತೊದಿಂದ ಲೆವುಕಾವರೆಗೆ, ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಕೆಳಗೆ ನೀಲಿ ಸಮುದ್ರ ಇರುವ ಸುಮಾರು 50 ಕಿ.ಮೀ. ರಸ್ತೆಯಲ್ಲಿ ಇಬ್ಬರೂ ತುಟಿ ಬಿಚ್ಚಲಿಲ್ಲ.

"ಅಮ್ಮನಿಗೆ ಹೇಳಿದ್ರೆ, ಇಷ್ಟು ಸಣ್ಣದಕ್ಕೆಲ್ಲಾ ಬೇಜಾರಾ, ಅಡ್ಜಸ್ಟ್ ಮಾಡ್ಕೋ ಅಂದ್ರು" ಅಂದರು ಆಕೆ. ಈ ಮಾತು ನನಗೆ ಹಿಡಿಸುವುದಿಲ್ಲ. ಕೌಂಟರಿನಲ್ಲಿ ನಡೆದದ್ದು ಸಣ್ಣದಲ್ಲ. ಹೆಂಡತಿಗೆ ಬರುವ ಕೆಲಸವನ್ನು ಮೂರನೆಯವರ ಎದುರು, ಆಕೆಯನ್ನು ಕೇಳದೆ, ಬರುವುದೇ ಇಲ್ಲ ಅನ್ನುವ ಹಾಗೆ ತಳ್ಳಿಹಾಕಿದ್ದು ಅದು. ಹಾಗಂತ ಆತ ಕೆಟ್ಟವರಲ್ಲ. ದುಡ್ಡು ಉಳಿಸಿದೆ, ಕಷ್ಟ ನಾನೇ ಹೊತ್ತೆ ಅಂತ ಪ್ರಾಮಾಣಿಕವಾಗಿ ನಂಬಿದ್ದರು. ಒಬ್ಬರು ಹೆದರಿಕೆ ಬಚ್ಚಿಟ್ಟರು, ಇನ್ನೊಬ್ಬರು ಅವಮಾನ ನುಂಗಿದರು. ಮನೆಯಲ್ಲಾದರೆ ಇನ್ನೊಂದು ಕೋಣೆ ಇದೆ, ಆಫೀಸ್ ಇದೆ. ಕಾರಿನಲ್ಲಿ ಎದ್ದು ಹೋಗಲು ಜಾಗವೇ ಇಲ್ಲ.

ಮುಂದಿನ ಭೇಟಿಯಲ್ಲಿ ಇಬ್ಬರನ್ನೂ ಒಟ್ಟಿಗೆ ಕೂರಿಸಿ, ಚೆನ್ನಾಗಿದ್ದ ದಿನ ಯಾವುದು ಅಂತ ಕೇಳಿದೆ. ಇಬ್ಬರ ಬಾಯಲ್ಲೂ ಒಂದೇ ಹೆಸರು, ಪೊಲಿನ್ಯಾನೊ. ಎರಡು ಬಂಡೆಗಳ ನಡುವಿನ ಪುಟ್ಟ ಬೀಚು, ಟೊಮೆಟೊ ಹಾಕಿದ ಬಿಸಿ ಫೊಕಾಚ್ಚಾ ರೊಟ್ಟಿ, ಬೇಯಿಸಿ ಹಿಸುಕಿದ ಕಾಳಿನ ಜೊತೆ ಕಹಿ ಸೊಪ್ಪು. ಅದನ್ನು ತಿಂದು ಆಕೆಗೆ ಒಗ್ಗರಣೆ ಮರೆತ ಬಸ್ಸಾರಿನ ಕಾಳು ನೆನಪಾಗಿತ್ತಂತೆ. ಹೇಳುತ್ತಾ ಇಬ್ಬರೂ ನಕ್ಕರು. ಅಲ್ಲಿದ್ದ ಎರಡು ದಿನವೂ ಕಾರು ಊರ ಹೊರಗೆ ನಿಂತಿತ್ತು. ಇದನ್ನು ನಾನು ಹೇಳಲಿಲ್ಲ, ಮಾತಾಡುತ್ತಾ ಆತನೇ ಗಮನಿಸಿದರು.

ಸಲಹೆ ಕೊಡುವಾಗ ಮೊದಲು ದಂಡದ ವಿಷಯ ಮುಗಿಸಿದೆ. ನೋಟಿಸ್ ಕೈಸೇರಿದ ಐದು ದಿನದೊಳಗೆ ಕಟ್ಟಿದರೆ ಶೇ. 30 ಕಡಿಮೆಯಾಗುತ್ತಿತ್ತು. ಜಗಳದಲ್ಲಿ ಅದೂ ಹೋಗಿತ್ತು. ಯಾರ ತಪ್ಪು ಅಂತ ತೀರ್ಮಾನ ಮಾಡಬೇಡಿ, ಇಬ್ಬರ ಖಾತೆಯಿಂದ ಇವತ್ತೇ ಕಟ್ಟಿ ಅಂದೆ. ಆತನಿಗೆ, "ನೀವು ಕ್ಷಮೆ ಕೇಳಬೇಕಿರುವುದು ಲೆಚ್ಚೆಯಲ್ಲಿ ಕೂಗಿದ್ದಕ್ಕಲ್ಲ, ಬಾರಿಯಲ್ಲಿ ಕೇಳದೇ ಇದ್ದದ್ದಕ್ಕೆ" ಅಂದೆ. ಆಕೆಗೆ, "ನೋವಾದ ದಿನವೇ ನೋವಾಯ್ತು ಅಂತ ಹೇಳಿ. ಏಳು ತಿಂಗಳು ಕೂಡಿಟ್ಟರೆ ಅದು ಬೇರೆ ವೇಷದಲ್ಲಿ ಹೊರಗೆ ಬರುತ್ತದೆ" ಅಂದೆ. ಆತನಿಗೆ ಇನ್ನೊಂದು ಮಾತು ಸೇರಿಸಿದೆ, ಹೆದರಿಕೆ ಆದರೆ ಹೆದರಿಕೆ ಅಂತಲೇ ಹೇಳಿ. ಕೂಗಿದರೆ ಪಕ್ಕದಲ್ಲಿರುವವರಿಗೆ ಅದು ಕೋಪ ಅಂತಲೇ ಕೇಳಿಸುತ್ತದೆ.

ಮುಂದೆ ಎಲ್ಲಿಗೇ ಹೋದರೂ ಇಬ್ಬರ ಹೆಸರೂ ಕಾರಿನ ಕಾಗದದಲ್ಲಿ ಇರಲಿ. ದಾರಿ ತಪ್ಪಿತು ಅನ್ನಿಸಿದರೆ ಮೊದಲು ಕಾರು ಬದಿಗೆ ನಿಲ್ಲಲಿ, ಮಾತು ಆಮೇಲೆ. ಮಧ್ಯಾಹ್ನ ಒಂದು ಗಂಟೆ ಹೊಡೆಯುವುದರೊಳಗೆ ಊಟಕ್ಕೆ ಕೂತುಬಿಡಿ. ಹಳೇ ಊರಿಗೆ ಕಾರು ಒಯ್ಯಬೇಡಿ, ಹೊರಗೆ ನಿಲ್ಲಿಸಿ ನಡೆಯಿರಿ. ಬಾರಿಯಿಂದ ಲೆಚ್ಚೆವರೆಗೆ ರೈಲು ಇದೆ, ಪೊಲಿನ್ಯಾನೊ, ಮೊನೊಪೊಲಿಗಳಲ್ಲೂ ನಿಲ್ದಾಣವಿದೆ. ಕಾರು ನಿಜವಾಗಿ ಬೇಕಾಗುವುದು ಲೆಚ್ಚೆಯಿಂದ ಕೆಳಗೆ ಮಾತ್ರ. ಇಷ್ಟೆಲ್ಲಾ ಕೇಳಿದ ಮೇಲೆ ಆತ, "ಮತ್ತೆ ಅಲ್ಲಿಗೇ ಹೋಗಿ ಈ ಸಲ ಚೆನ್ನಾಗಿ ಮುಗಿಸೋಣ್ವಾ?" ಅಂದರು. ಆಕೆ ತಕ್ಷಣ ಉತ್ತರ ಕೊಡಲಿಲ್ಲ. ಕೊಡಬೇಕಾಗಿಯೂ ಇಲ್ಲ ಅಂತ ನಾನೇ ಹೇಳಿದೆ. ಹಳೇ ಪ್ರವಾಸ ಸರಿಮಾಡಲು ಹೊಸ ಪ್ರವಾಸ ಹೊರಡುವುದು ನನಗೆ ಒಳ್ಳೇದು ಅನ್ನಿಸಲಿಲ್ಲ.

ಸದ್ಯಕ್ಕೆ ಊರಿಗೆ ಹೋಗುವಾಗ ಅರ್ಧ ದಾರಿ ಆಕೆ ಓಡಿಸುತ್ತಾರೆ. ಪಕ್ಕದಲ್ಲಿ ಕೂತು ಬ್ರೇಕ್ ಒತ್ತಿದ ಹಾಗೆ ಕಾಲು ಆಡಿಸುವುದನ್ನು ಆತ ಇನ್ನೂ ಪೂರ್ತಿ ಬಿಟ್ಟಿಲ್ಲ. ಕಳೆದ ಭೇಟಿಯಲ್ಲಿ ಆಕೆ ಒಂದು ಫ್ಲ್ಯಾಟಿನ ವಿಷಯ ತೆಗೆದರು. ಮೂರು ವರ್ಷದ ಹಿಂದೆ ಅದಕ್ಕೆ ಮುಂಗಡ ಕೊಟ್ಟಿದ್ದೂ ಆಕೆಯನ್ನು ಕೇಳದೆಯೇ ಅಂತೆ. ಆತ ಅಲ್ಲ ಅನ್ನಲಿಲ್ಲ. ಮುಂದಿನ ಭೇಟಿಯಲ್ಲಿ ಅದನ್ನೇ ಎತ್ತಿಕೊಳ್ಳುತ್ತೇವೆ.