ಕಪ್ಪಾದ ಎರಡು ಪ್ಲಗ್ ಬಿಡಿ, ಬೆಳ್ಳಗಿರುವ ಎರಡನ್ನು ನೋಡಿ

ಹಳೇ ಅಂಬಾಸಡರ್‌ನಲ್ಲಿ 1, 2ನೇ ಸ್ಪಾರ್ಕ್ ಪ್ಲಗ್ ಮಸಿ ಹಿಡಿಯುತ್ತವೆ, 3, 4 ಹೊಸದರಂತೆ ಇವೆ, ಕಪ್ಪಾಗುವ ಎರಡಕ್ಕೆ ಮಾತ್ರ ಹಾಟ್ ಪ್ಲಗ್ (ತುದಿ ಹೆಚ್ಚು ಬಿಸಿಯಾಗಿ ಮಸಿ ಸುಟ್ಟುಕೊಳ್ಳುವಂಥದ್ದು) ಹಾಕಲಾ ಅಂತ ಕೇಳಿದ್ದೀರಿ. ಹಾಕಬೇಡಿ. ಇದೇ ಎರಡು ಕಪ್ಪು, ಇದೇ ಎರಡು ಬಿಳಿ ನನ್ನ ಜೇಬಿನಿಂದ 18,000 ರೂಪಾಯಿ ಕಿತ್ತುಕೊಂಡು ಹೋಗಿವೆ.

ನಮ್ಮದು ಬಳ್ಳಾರಿ. ಅಪ್ಪನ ಕಾಲದ ಗಾಡಿ, 1984ರ ಮಾರ್ಕ್ 4, 1489 ಸಿಸಿ ಪೆಟ್ರೋಲ್ ಇಂಜಿನ್. 2016ರಲ್ಲಿ ಅದರ ಎಕ್ಸಾಸ್ಟ್ ಮ್ಯಾನಿಫೋಲ್ಡ್, ಅಂದರೆ ಇಂಜಿನ್ನಿನ ಹೊಗೆ ಹೊರಹೋಗುವ ಕವಲು ಕೊಳವೆ, ಸೀಳು ಬಿಟ್ಟಿತು. ಗುಜರಿಯಿಂದ ಇನ್ನೊಂದು ತಂದು ಕೂರಿಸಿದೆವು. ಅವತ್ತಿನಿಂದ ಐಡ್ಲಿಂಗ್ ಒಂದೇ ಸಮ ಇರಲೇ ಇಲ್ಲ. ರಾಯಲ್ ಸರ್ಕಲ್‌ನಲ್ಲಿ ಸಿಗ್ನಲ್ ಬಿದ್ದರೆ ಸಾಕು, ಬಾಗಿಲಿನ ಗಾಜೆಲ್ಲ ಗಡಗಡ ಅನ್ನುತ್ತಿತ್ತು. ಮೇಸ್ತ್ರಿಗೆ ತೋರಿಸಿದರೆ ಸ್ಕ್ರೂ ತಿರುಗಿಸಿ ಪೆಟ್ರೋಲ್ ಸ್ವಲ್ಪ ಜಾಸ್ತಿ ಮಾಡಿಕೊಟ್ಟ. ನಡುಕ ನಿಂತಿತು. ಎರಡು ತಿಂಗಳು ಬಿಟ್ಟು ಪ್ಲಗ್ ಬಿಚ್ಚಿದೆ. 1, 2 ದೀಪದ ಮಸಿ. 3, 4 ಸುಣ್ಣ ಬಳಿದಷ್ಟು ಬಿಳುಪು.

ನಮ್ಮೂರಲ್ಲಿ ಯಾವ ಗಾಡಿ ಕೆಟ್ಟರೂ ಮೊದಲು ಮೈನ್ಸ್ ಧೂಳಿನ ಮೇಲೆ ಹಾಕುತ್ತೇವೆ. ಏರ್ ಫಿಲ್ಟರ್ ಕಟ್ಟಿದೆ ಅಂದರು, ಬದಲಾಯಿಸಿದೆ. ಕಾರ್ಬೊರೇಟರ್ ತೊಳೆಸು ಅಂದರು, ತೊಳೆಸಿದೆ. ಇಡೀ ಇಂಜಿನ್‌ಗೆ ಇರೋದು ಒಂದೇ ಫಿಲ್ಟರ್, ಒಂದೇ ಕಾರ್ಬೊರೇಟರ್. ಅವು ಕೆಟ್ಟಿದ್ದರೆ ನಾಲ್ಕೂ ಕಪ್ಪಾಗಬೇಕಿತ್ತು ಅಲ್ವಾ? ಅಷ್ಟೂ ಹೊಳೆಯಲಿಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಕಪ್ಪು ಅಂದರೆ ರೋಗ, ಬಿಳಿ ಅಂದರೆ ಆರೋಗ್ಯ ಅಂತ ನನ್ನ ತಲೆಯಲ್ಲಿ ಕೂತಿತ್ತು. 3 ಮತ್ತು 4ನ್ನು ಅಂಗೈ ಮೇಲೆ ಇಟ್ಟುಕೊಂಡು ಭಾವನಿಗೆ ತೋರಿಸಿದ್ದೆ, ‘ನೋಡು, ಇವೆರಡು ಸಿಲಿಂಡರ್ ಬಂಗಾರ’ ಅಂತ. ಚೆನ್ನಾಗಿ ಉರಿಯುವ ಸಿಲಿಂಡರಿನ ಪ್ಲಗ್ ಬೆಳ್ಳಗೆ ಇರುವುದೇ ಇಲ್ಲ. ಅದರ ತುದಿಯ ಪಿಂಗಾಣಿ ಹುರಿದ ಶೇಂಗಾದ ಬಣ್ಣಕ್ಕೆ ತಿರುಗಿರಬೇಕು. ಬೆಳ್ಳಗಿದೆ ಅಂದರೆ ಅಲ್ಲಿ ಪೆಟ್ರೋಲ್ ಸಾಲುತ್ತಿಲ್ಲ, ಗಾಳಿ ಜಾಸ್ತಿ ಆಗಿದೆ, ಸಿಲಿಂಡರ್ ಒಳಗೇ ಕಾಯುತ್ತಿದೆ. ನಾನು ಏನು ಮಾಡಿದೆ? ಕಪ್ಪು ಹೋಗಲಿ ಅಂತ ಗಾಳಿ-ಪೆಟ್ರೋಲ್ ಮಿಕ್ಸ್ಚರ್‌ನಲ್ಲಿ ಪೆಟ್ರೋಲ್ ಕಮ್ಮಿ ಮಾಡಿಸಿದೆ. 1, 2 ಸುಧಾರಿಸಿದವು, ನಿಜ. ಆದರೆ ಮೊದಲೇ ಹಸಿದಿದ್ದ 3, 4ರ ತಟ್ಟೆಯಿಂದ ಇದ್ದ ತುತ್ತನ್ನೂ ತೆಗೆದಿದ್ದೆ. ಕಾರ್ಬೊರೇಟರಿನಲ್ಲಿ ಆಗಾಗ ‘ಪಟ್’ ಅಂತ ಸದ್ದು ಬರತೊಡಗಿತು. ಹಳೇ ಗಾಡಿ, ಕೆಮ್ಮುತ್ತೆ ಅಂತ ನಕ್ಕು ಸುಮ್ಮನಾದೆ.

ಮೇ ತಿಂಗಳು, ಸಂಡೂರಿನಲ್ಲಿ ಮದುವೆ. ಕುಡತಿನಿ ದಾಟಿದ ಮೇಲೆ ಎಳೆಯುವ ಶಕ್ತಿಯೇ ಹೋಯಿತು. ರೇಷ್ಮೆ ಸೀರೆ ಉಟ್ಟ ನಾಲ್ಕು ಜನ ಹೆಂಗಸರನ್ನು ಬಸ್ ಹತ್ತಿಸಿ, ನಾನು ಗಾಡಿಯನ್ನು ಟೋ ಮಾಡಿಸಿಕೊಂಡು ಬಳ್ಳಾರಿಗೆ ವಾಪಸ್. ಆ ಕಥೆ ನಮ್ಮ ಮನೆಯಲ್ಲಿ ಇವತ್ತಿಗೂ ಹಬ್ಬಕ್ಕೊಮ್ಮೆ ಹೊರಬರುತ್ತದೆ.

ಕೌಲ್ ಬಜಾರಿನ ಒಬ್ಬ ವಯಸ್ಸಾದ ಚಾಚಾ ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ ನೋಡಿದರು. 1, 2, 4 ಮೂರೂ 120 ಪಿಎಸ್‌ಐ ಆಸುಪಾಸು, 3ನೇ ಸಿಲಿಂಡರ್ ಮಾತ್ರ ಬರೀ 45. ಅದರೊಳಗೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿದರು. ಏರಿದ್ದರೆ ಪಿಸ್ಟನ್ ರಿಂಗ್ ಹೋಗಿದೆ ಅಂತ. ಏರಲಿಲ್ಲ, ಅಂದರೆ ವಾಲ್ವ್. ಸಿಲಿಂಡರುಗಳ ಮೇಲಿನ ಹೆಡ್ ಎತ್ತಿದರೆ ಮೂರನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವಿನ ಅಂಚು ಇಲಿ ಕಚ್ಚಿದ ರೊಟ್ಟಿಯಂತೆ ಸುಟ್ಟು ಹೋಗಿತ್ತು. ನನ್ನ ಪುರಾಣವೆಲ್ಲ ಕೇಳಿ ಚಾಚಾ ಅಂದದ್ದು ಇಷ್ಟೇ: ‘ಕರೀ ಪ್ಲಗ್ ಕಡಿ ಯಾಕ್ ನೋಡಿದ್ರಿ? ಬಿಳೀದು ಅಳ್ತಿತ್ತಲ್ರೀ.’

ಅವರೇ ತೋರಿಸಿದರು. ಈ ಇಂಜಿನ್ನಿನ ಹೆಡ್‌ನಲ್ಲಿ ಇನ್ಲೆಟ್ ಪೋರ್ಟ್ (ಗಾಳಿ-ಪೆಟ್ರೋಲ್ ಒಳಗೆ ಹೋಗುವ ಬಾಯಿ) ನಾಲ್ಕಿಲ್ಲ, ಎರಡೇ. 1, 2ಕ್ಕೆ ಒಂದು, 3, 4ಕ್ಕೆ ಒಂದು. ಇನ್ಲೆಟ್, ಎಕ್ಸಾಸ್ಟ್ ಎರಡೂ ಮ್ಯಾನಿಫೋಲ್ಡ್ ಕೂರುವುದು ಒಂದೇ ಕಡೆ, ಒಂದೇ ಗ್ಯಾಸ್ಕೆಟ್ (ಸಂದಿ ಮುಚ್ಚುವ ತೆಳು ಹಾಳೆ) ಮೇಲೆ. ಎರಡರ ಮುಖವೂ ಒಂದೇ ಮಟ್ಟಕ್ಕೆ ಬರಬೇಕು. ನಮ್ಮ ಗುಜರಿ ಮ್ಯಾನಿಫೋಲ್ಡಿನ ಮುಖ ಕೂದಲೆಳೆಯಷ್ಟು ಎತ್ತರ. ನಟ್ ಎಷ್ಟು ಬಿಗಿದರೂ ಅದೇ ಕಚ್ಚಿಕೊಳ್ಳುತ್ತಿತ್ತು, ಪಕ್ಕದ ಇನ್ಲೆಟ್ ಸಡಿಲವಾಗೇ ಉಳಿಯುತ್ತಿತ್ತು. ಆ ಸಂದಿನಿಂದ 3, 4ಕ್ಕೆ ಕಳ್ಳಗಾಳಿ. ಅದಕ್ಕೇ ಐಡ್ಲಿಂಗ್ ನಡುಕ. ಅದನ್ನು ಮುಚ್ಚಲು ಪೆಟ್ರೋಲ್ ಜಾಸ್ತಿ ಮಾಡಿದ್ದಕ್ಕೇ 1, 2ಕ್ಕೆ ಮಸಿ. ಮಸಿ ಹಿಡಿದ ಆ ಎರಡು ಸಿಲಿಂಡರಿನದು ಏನೂ ತಪ್ಪಿರಲಿಲ್ಲ.

ನಿಮ್ಮ ಪ್ಲಗ್‌ಗಳೂ 1-2, 3-4 ಅಂತ ಜೋಡಿ ಜೋಡಿಯಾಗಿಯೇ ಬೇರೆಯಾಗಿವೆ, ಹಾಗಾಗಿ ನನ್ನ ಅನುಮಾನವೆಲ್ಲ 3-4ರ ಪೋರ್ಟ್ ಮೇಲೆ. ಆದರೆ ಮೊದಲು ಪ್ಲಗ್ಗನ್ನು ಸರಿಯಾಗಿ ಓದಿ. ಮನೆ ಮುಂದೆ ಹತ್ತು ನಿಮಿಷ ಐಡಲ್‌ನಲ್ಲಿ ಬಿಟ್ಟು ಬಿಚ್ಚಿದರೆ ಯಾವ ಪ್ಲಗ್ ಆದರೂ ಕಪ್ಪೇ. ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರ್‌ನಲ್ಲಿ 60ರಲ್ಲಿ ಸ್ವಲ್ಪ ದೂರ ಓಡಿಸಿ, ಕ್ಲಚ್ ಒತ್ತಿ, ಆಗಲೇ ಇಗ್ನಿಷನ್ ಆಫ್ ಮಾಡಿ ಬದಿಗೆ ತನ್ನಿ. ಕೀ ಹೊರಗೆ ಎಳೆಯಬೇಡಿ. ತಣ್ಣಗಾದ ಮೇಲೆ ಬಿಚ್ಚಿ. ಮೊಟ್ಟೆ ಟ್ರೇ ತುಂಡಿಗೆ 1, 2, 3, 4 ಬರೆದು ಅದರಲ್ಲೇ ನಿಲ್ಲಿಸಿ, ರೇಡಿಯೇಟರ್ ಕಡೆಯದು 1. ಸ್ಯಾಂಡ್‌ಪೇಪರ್ ಮುಟ್ಟಬೇಡಿ, ಉಜ್ಜಿದರೆ ಸಾಕ್ಷಿಯೇ ಹೋಯಿತು.

ಬೆಳಿಗ್ಗೆ ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ಇನ್ಲೆಟ್ ಗ್ಯಾಸ್ಕೆಟ್ ಸುತ್ತ ಸ್ಪ್ರೇ ಬಾಟಲಿಯಿಂದ ನೀರು ಚಿಮುಕಿಸಿ. ಐಡ್ಲಿಂಗ್ ಬದಲಾದ ಜಾಗವೇ ಲೀಕ್. ಕೆಲವರು ಪೆಟ್ರೋಲ್ ಹಾಕಿ ನೋಡುತ್ತಾರೆ, ಕೆಳಗೇ ಎಕ್ಸಾಸ್ಟ್ ಇದೆ, ಆ ಸಾಹಸ ಬೇಡ. ಕಾದ ಇಂಜಿನ್ ಮೇಲೆ ನೀರೂ ಬೇಡ, ಬೀಡುಕಬ್ಬಿಣ ಸೀಳುತ್ತದೆ. ಲೀಕ್ ಸಿಗದಿದ್ದರೆ ಕಂಪ್ರೆಷನ್ ನೋಡಿಸಿ. 1, 2 ಎರಡೂ ಕಮ್ಮಿ ಬಂದರೆ ಅವುಗಳ ನಡುವೆ ಹೆಡ್ ಗ್ಯಾಸ್ಕೆಟ್ ಹಾರಿರಬಹುದು. ಮಸಿ ಒಣಗಿರದೆ ಜಿಡ್ಡಾಗಿ ಮಿನುಗುತ್ತಿದ್ದರೆ ಅದು ಆಯಿಲ್, ಆ ಕಥೆಯೇ ಬೇರೆ.

ಲೀಕ್ ಸಿಕ್ಕಿ ಹೊಸ ಗ್ಯಾಸ್ಕೆಟ್ ಹಾಕಿದ ಮೇಲೆ ನಾಲ್ಕೂ ಪ್ಲಗ್ ಕಪ್ಪಾದರೆ ಗಾಬರಿ ಬೀಳಬೇಡಿ. ಕಳ್ಳಗಾಳಿ ನಿಂತಿದೆ, ಜಾಸ್ತಿ ಮಾಡಿದ್ದ ಪೆಟ್ರೋಲ್ ಮಾತ್ರ ಹಾಗೇ ಇದೆ. ಮಿಕ್ಸ್ಚರ್ ಸ್ಕ್ರೂ ಮುಟ್ಟಬೇಕಾದ್ದು ಆಗ.