ಕಂಪ್ಯೂಟರ್ ಕೇಸ್ ಒಳಗೆ ಧೂಳು: ಫ್ಯಾನ್ ಜಾಗ ಬದಲಿಸಿ ನೋಡಿ

ಕಂಪ್ಯೂಟರ್ ಕೇಸ್ ಒಳಗೆ ಇಷ್ಟೊಂದು ಧೂಳು ಯಾಕೆ ಅಂತ ಕೇಳಿದ್ದೀರಿ. ಮೇಲಿನ ಎರಡು, ಹಿಂದಿನ ಒಂದು ಫ್ಯಾನ್ ಗಾಳಿ ಹೊರಗೆ ತಳ್ಳುತ್ತಿವೆ, ಒಳಗೆ ಎಳೆಯುವುದು ಮುಂದಿನದೊಂದೇ ಅಂದಿರಲ್ಲ, ಧೂಳಿಗೆ ಬಹುಶಃ ಅದೇ ಕಾರಣ. ಒಳಗಿನ ಒತ್ತಡ ಕಡಿಮೆಯಾಗಿ ಫಿಲ್ಟರ್ ಇಲ್ಲದ ಸಂದುಗಳಿಂದೆಲ್ಲ ಗಾಳಿ ನುಗ್ಗುತ್ತದೆ, ಮಂಡ್ಯದಲ್ಲಿ ಆಲೆಮನೆ ಪಕ್ಕದಲ್ಲೇ ಮನೆ ಅಂದ ಮೇಲೆ ಬೂದಿಯೂ ಬರುತ್ತದೆ ಅಲ್ವಾ.

ಸುಮ್ನೆ ಹೊಸ ಫ್ಯಾನ್ ಕೊಳ್ಳಬೇಡಿ. ಮುಂದೆ ಜಾಗ ಇದ್ದರೆ ಮೇಲಿನ ಎರಡನ್ನೂ ಬಿಚ್ಚಿ ಅಲ್ಲಿಗೆ, ಫಿಲ್ಟರ್ ಹಿಂದೆ ಹಾಕಿ. ಸಾಮಾನ್ಯವಾಗಿ ಮೋಟಾರ್ ಹಿಡಿದಿರುವ ಅಡ್ಡಪಟ್ಟಿಗಳ ಕಡೆಗೆ ಗಾಳಿ ಹೋಗುತ್ತದೆ, ಆ ಬದಿ ಒಳಗಿರಲಿ. ಹೊರಗೆ ತಳ್ಳಲು ಹಿಂದಿನದೊಂದು ಸಾಕು.

ಕೇಸ್ ಮುಚ್ಚಿ, ಕಂಪ್ಯೂಟರ್ ಆನ್ ಮಾಡಿ, ಹಿಂಬದಿಯ ಸಂದುಗಳ ಹತ್ತಿರ ಊದುಬತ್ತಿ ಹಿಡಿಯಿರಿ. ಹೊಗೆ ಒಳಗೆ ಹೋದರೆ ಒತ್ತಡ ಇನ್ನೂ ಕಡಿಮೆಯಿದೆ ಅಂತ, ಆಗ ಬಯಾಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯಬಹುದಾದ ಸೆಟ್ಟಿಂಗ್ಸ್ ಪರದೆ) ಹಿಂದಿನ ಫ್ಯಾನ್ ವೇಗ ಇಳಿಸಿ. ಧೂಳು ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ಶಾಖ ಎಷ್ಟು ಇಳಿಯುತ್ತದೆ ಅನ್ನೋದು ಮುಂಭಾಗ ಜಾಲರಿಯೋ ಗಾಜೋ ಅನ್ನೋದರ ಮೇಲಿದೆ. ಫಿಲ್ಟರ್ ಆಗಾಗ ತೊಳೆದು, ಚೆನ್ನಾಗಿ ಒಣಗಿಸಿ ಹಾಕಿ.