ಓದುಗರ ಪ್ರಶ್ನೆ, ನಮ್ಮ ಉತ್ತರ: ತೆರೆಯ ಮೇಲಿನ ಮಕ್ಕಳು

ಪ್ರಶ್ನೆ: ನನ್ನ ಮಗನಿಗೆ ಹತ್ತು ವರ್ಷ. ಇಲ್ಲಿಯೇ ಹುಟ್ಟಿ ಬೆಳೆದವನು. ಮನೆಯಲ್ಲಿ ಕನ್ನಡ ಮಾತನಾಡುತ್ತಾನೆ, ಓದಲು ಬಾರದು. ಅವನದೇ ವಯಸ್ಸಿನ ಹುಡುಗನಿರುವ ಒಳ್ಳೆಯ ಕನ್ನಡ ಚಿತ್ರವನ್ನು ತೋರಿಸಬೇಕೆಂದಾಗ ಮಾವನವರು ‘ಬೆಟ್ಟದ ಹೂವು’ ಎಂದರು. ಪುನೀತ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂದದ್ದು ಅಭಿನಯಕ್ಕೋ, ಡಾ. ರಾಜ್‌ಕುಮಾರ್ ಅವರ ಮಗ ಎಂಬ ಕಾರಣಕ್ಕೋ ಎಂದು ಊಟದ ಹೊತ್ತಿನಲ್ಲಿ ನಮ್ಮಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ನಿಮ್ಮ ಅಭಿಪ್ರಾಯ ತಿಳಿಸುವಿರಾ?
– ಓದುಗರೊಬ್ಬರು, ಡೊಂಬಿವಲಿ ಪೂರ್ವ

ಉತ್ತರ: ಅಭಿನಯಕ್ಕೇ ಬಂದದ್ದು. ಈ ಮಾತನ್ನು ಅಭಿಮಾನದಿಂದ ಹೇಳುತ್ತಿಲ್ಲ; ಎರಡು ಚಿತ್ರಗಳನ್ನು ಒಂದರ ಹಿಂದೆ ಒಂದರಂತೆ ನೋಡಿದರೆ ಇದು ನಿಮಗೇ ಮನವರಿಕೆಯಾಗುತ್ತದೆ. 1983ರ ‘ಭಕ್ತ ಪ್ರಹ್ಲಾದ’ದಲ್ಲಿ ಪುನೀತ್ ತಮ್ಮ ತಂದೆಯ ಹಿರಣ್ಯಕಶಿಪುವಿನ ಎದುರು ನಿಂತು ಮಾತಾಡಬೇಕಿತ್ತು. ಅದು ಪೌರಾಣಿಕ ಚಿತ್ರ. ಅಲ್ಲಿ ಉಚ್ಚಾರಣೆ ಸ್ಪಷ್ಟವಾಗಿರಬೇಕು, ಮುಖದ ಮೇಲೆ ಭಕ್ತಿ ಎದ್ದು ಕಾಣಬೇಕು, ಮಾತು ಕೊನೆಯ ಸಾಲಿನ ಪ್ರೇಕ್ಷಕನವರೆಗೆ ಮುಟ್ಟಬೇಕು. ಅದೆಲ್ಲವನ್ನೂ ಆ ಬಾಲಕ ಚೆನ್ನಾಗಿಯೇ ಮಾಡಿದ್ದಾನೆ. ಆದರೆ ಎರಡು ವರ್ಷಗಳ ನಂತರ ಎನ್. ಲಕ್ಷ್ಮೀನಾರಾಯಣ್ ಅವರ ನಿರ್ದೇಶನದಲ್ಲಿ ಬಂದ ‘ಬೆಟ್ಟದ ಹೂವು’ ಆತನಿಂದ ಕೇಳಿದ್ದು ಇದಕ್ಕೆ ಪೂರಾ ವಿರುದ್ಧವಾದದ್ದನ್ನು. ಅಲ್ಲಿಯ ರಾಮು ಬಡವರ ಮನೆಯ ಹುಡುಗ. ಕಾಡಿನ ಹೂಗಳನ್ನು ತಂದು ಶರ್ಲಿ ಮೇಡಂಗೆ ಮಾರಿ ಬಂದ ಚಿಲ್ಲರೆಯನ್ನು ಕೂಡಿಡುತ್ತಾನೆ. ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಕೊಳ್ಳಬೇಕೆಂಬುದು ಅವನ ಆಸೆ. ಹಣ ಕೂಡಿದ ಮೇಲೆ, ಚಳಿಯಲ್ಲಿ ನಡುಗುವ ಮನೆಯವರ ನೆನಪಾಗಿ, ಪುಸ್ತಕದ ಬದಲು ಕಂಬಳಿ ಕೊಂಡು ಮನೆಗೆ ನಡೆಯುತ್ತಾನೆ.

ಇಷ್ಟೇ ಕಥೆ. ಇದನ್ನು ಅಳಿಸುವ ಚಿತ್ರವನ್ನಾಗಿ ಮಾಡುವುದು ಬಹಳ ಸುಲಭವಿತ್ತು: ಹುಡುಗನ ಬಾಯಲ್ಲಿ ತ್ಯಾಗದ ಕುರಿತು ನಾಲ್ಕು ಮಾತು ಆಡಿಸಿ, ಕಣ್ಣಲ್ಲಿ ಗ್ಲಿಸರಿನ್ ಹಾಕಿದ್ದರೆ ಸಾಕಿತ್ತು. ಪುನೀತ್ ಮಾತ್ರ ಪುಸ್ತಕದ ಮೇಲಿನ ಆಸೆಯನ್ನು ನೋಟದಲ್ಲಿ ಇಟ್ಟುಕೊಂಡರೇ ಹೊರತು ಬಾಯಲ್ಲಿ ಇಟ್ಟುಕೊಳ್ಳಲಿಲ್ಲ. ದೊಡ್ಡ ನಟನ ಮನೆಯಲ್ಲಿ ಹುಟ್ಟಿದ್ದರಿಂದ ಕ್ಯಾಮೆರಾದ ಭಯ ಬೇಗ ಹೋಗಿರಬಹುದು, ಒಪ್ಪುತ್ತೇನೆ. ಆದರೆ ಹತ್ತು ವರ್ಷದ ಹುಡುಗ ತೋರಿಸಿದ ಆ ಸಂಯಮವನ್ನು ಯಾವ ತಂದೆಯೂ ಉಡುಗೊರೆಯಾಗಿ ಕೊಡಲಾರ.

ಇಲ್ಲಿ ಒಂದು ನೆನಪನ್ನು ಹೇಳಲೇಬೇಕು. ಎಂಬತ್ತರ ದಶಕದ ಕೊನೆಯಲ್ಲಿ ಮುಂಬಯಿಯ ಕೋಟೆ (ಫೋರ್ಟ್) ಪ್ರದೇಶದ ಒಂದು ಕನ್ನಡ ರಾತ್ರಿ ಶಾಲೆಯಲ್ಲಿ ನಾನು ಪಾಠ ಹೇಳುತ್ತಿದ್ದೆ. ವಿದ್ಯಾರ್ಥಿಗಳೆಲ್ಲ ಉಡುಪಿ, ಕುಂದಾಪುರದ ಕಡೆಯಿಂದ ಬಂದು ಹೋಟೆಲುಗಳಲ್ಲಿ ದುಡಿಯುವ ಹುಡುಗರು. ಒಂದು ಶನಿವಾರ ಬಾಡಿಗೆಗೆ ವಿಸಿಆರ್ ತಂದು ಈ ಚಿತ್ರವನ್ನು ತೋರಿಸಿದೆವು. ಯಾವಾಗಲೂ ಗದ್ದಲವೆಬ್ಬಿಸುವ ಹುಡುಗರು ಅಂದು ರಾಮು ಕಂಬಳಿ ಹಿಡಿದು ಹೊರಟಾಗ ಉಸಿರೆತ್ತಲಿಲ್ಲ. ಮುಂದಿನ ಬೆಂಚಿನಲ್ಲಿದ್ದ, ಕಪ್ಪು ಬಸಿ ತೊಳೆಯುವ ಕೆಲಸದ ಹುಡುಗನೊಬ್ಬ ತನ್ನ ಅಂಗಿಯ ಕಿಸೆಯಿಂದ ಮನಿಆರ್ಡರ್ ರಸೀದಿಯನ್ನು ತೆಗೆದು, ಮಡಿಕೆ ಬಿಚ್ಚಿ, ಟಿವಿಯ ಬೆಳಕಿನಲ್ಲಿ ಒಮ್ಮೆ ನೋಡಿ, ಮತ್ತೆ ಮಡಚಿ ಒಳಗಿಟ್ಟುಕೊಂಡ. ಅವನ ಬೆರಳ ತುದಿಗಳು ಸೋಡಾಪುಡಿಯ ನೀರಿಗೆ ಬಿಳುಚಿಕೊಂಡಿದ್ದವು. ಬಾಲನಟನೊಬ್ಬನಿಗೆ ಇದಕ್ಕಿಂತ ದೊಡ್ಡ ಮೆಚ್ಚುಗೆ ಸಿಗುವುದನ್ನು ನಾನು ಮತ್ತೆ ಕಂಡಿಲ್ಲ.

ಮಗನಿಗೆ ಧಾರಾಳವಾಗಿ ತೋರಿಸಿ. ಅವನಿಗೆ ಹಿಡಿಸಿದರೆ ಟಿ.ಎಸ್. ನಾಗಾಭರಣ ಅವರ ‘ಚಿನ್ನಾರಿ ಮುತ್ತ’ವನ್ನೂ, ನಾಗತಿಹಳ್ಳಿ ಚಂದ್ರಶೇಖರ್ ಅವರ ‘ಕೊಟ್ರೇಶಿ ಕನಸು’ ಚಿತ್ರವನ್ನೂ ತೋರಿಸಬಹುದು. ಎರಡರಲ್ಲಿಯೂ ವಿಜಯ ರಾಘವೇಂದ್ರ ಇದ್ದಾರೆ; ಎರಡನೆಯದಕ್ಕೆ ಅವರಿಗೂ ರಾಷ್ಟ್ರಪ್ರಶಸ್ತಿ ಬಂದಿದೆ.

ಪ್ರಶ್ನೆ: ನಮ್ಮ ಸೊಸೈಟಿಯ ಮರಾಠಿ ಗೆಳೆಯರು ‘ಶ್ವಾಸ್’, ‘ಫ್ಯಾಂಡ್ರಿ’ ಚಿತ್ರಗಳ ಹುಡುಗರನ್ನು ಬಹಳವಾಗಿ ಹೊಗಳುತ್ತಾರೆ. ಕನ್ನಡದಲ್ಲಿ ಅಂಥ ಸಹಜ ಅಭಿನಯ ಬಂದಿದೆಯೇ? ವಾದಕ್ಕೆ ನನ್ನ ಬಳಿ ಸರಕು ಸಾಲದು.
– ನಿವೃತ್ತ ಬ್ಯಾಂಕ್ ಅಧಿಕಾರಿ, ಕೋಥರೂಡ್, ಪುಣೆ

ಉತ್ತರ: ವಾದಕ್ಕೆ ಹೋಗುವ ಮೊದಲು ಆ ಎರಡೂ ಚಿತ್ರಗಳನ್ನು ನೋಡಿ, ನಿಮ್ಮ ಗೆಳೆಯರು ಹೊಗಳುವುದರಲ್ಲಿ ಅತಿಶಯವಿಲ್ಲ. ‘ಶ್ವಾಸ್’ನಲ್ಲಿ ಕಣ್ಣಿನ ಕ್ಯಾನ್ಸರಿನಿಂದ ದೃಷ್ಟಿ ಕಳೆದುಕೊಳ್ಳಲಿರುವ ಮೊಮ್ಮಗನಿಗೆ, ಶಸ್ತ್ರಚಿಕಿತ್ಸೆಗೆ ಮೊದಲು, ಅಜ್ಜ ನಗರವನ್ನು ತೋರಿಸಲು ಕರೆದೊಯ್ಯುತ್ತಾನೆ. ಅಶ್ವಿನ್ ಚಿತಳೆ ಎಂಬ ಆ ಬಾಲಕ ಎಲ್ಲಿಯೂ ಕರುಣೆಯನ್ನು ಬೇಡುವುದಿಲ್ಲ. ಹಟ ಮಾಡುತ್ತಾನೆ, ರೇಗುತ್ತಾನೆ, ನಗುತ್ತಾನೆ. ಕರುಳು ಹಿಂಡುವುದು ಆ ಹಟವೇ. ‘ಫ್ಯಾಂಡ್ರಿ’ಯ ಸೋಮನಾಥ್ ಅವಘಡೆ ನಟನಾಗಿ ತರಬೇತಾದವನಲ್ಲ, ಹಲಗಿ ಬಾರಿಸುತ್ತಿದ್ದ ಹಳ್ಳಿಯ ಹುಡುಗನನ್ನು ಕಂಡು ನಾಗರಾಜ್ ಮಂಜುಳೆ ಆರಿಸಿದರು. ಕೊನೆಯಲ್ಲಿ ಆತ ಬೀಸಿದ ಕಲ್ಲು ನೇರವಾಗಿ ನಮ್ಮ ಮುಖಕ್ಕೇ ಬರುತ್ತದೆ. ಅಲ್ಲಿಯವರೆಗೆ ಆ ಹುಡುಗ ನುಂಗಿಕೊಂಡ ಅವಮಾನವನ್ನೆಲ್ಲ ನಾವು ಅವನ ಕತ್ತಿನ ಬಾಗುವಿಕೆಯಲ್ಲೇ ನೋಡಿರುತ್ತೇವೆ.

ಇನ್ನು ಕನ್ನಡದ ಸರಕು. 1973ರ ‘ಕಾಡು’, ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿಯನ್ನು ಗಿರೀಶ ಕಾರ್ನಾಡರು ತೆರೆಗೆ ತಂದದ್ದು. ದೊಡ್ಡವರ ದ್ವೇಷ, ಕಾಮ, ಹಿಂಸೆಯನ್ನೆಲ್ಲ ಕಿಟ್ಟಿ ಎಂಬ ಹುಡುಗನ ಕಣ್ಣಿನಿಂದ ನಾವು ನೋಡುತ್ತೇವೆ. ಆ ಪಾತ್ರಕ್ಕೆ ಜಿ.ಎಸ್. ನಟರಾಜ್ ರಾಷ್ಟ್ರಪ್ರಶಸ್ತಿ ಪಡೆದರು. 1977ರಲ್ಲಿ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ ಬಂತು. ಅನಂತಮೂರ್ತಿಯವರ ಕಥೆಯ ನಾಣಿಯಾಗಿ ಅಜಿತ್ ಕುಮಾರ್ ಎಂಬ ಬಾಲಕ ಮಾಡಿದ್ದಕ್ಕೆ ಸಮನಾದದ್ದನ್ನು ನಾನು ಭಾರತೀಯ ಚಿತ್ರಗಳಲ್ಲಿ ಕಂಡಿರುವುದು ಬಹಳ ಕಡಿಮೆ. ವೇದಪಾಠಕ್ಕೆಂದು ಅಗ್ರಹಾರಕ್ಕೆ ಬಂದ ಈ ಪುಟ್ಟ ಹುಡುಗನಿಗೆ ವಿಧವೆ ಯಮುನಕ್ಕನೊಬ್ಬಳೇ ಆಸರೆ. ಆಕೆ ಬಸುರಿಯೆಂದಾಗಲಿ, ಊರು ಅವಳನ್ನು ಬದುಕಿರುವಾಗಲೇ ಸತ್ತಂತೆ ಹೊರಹಾಕಲಿದೆಯೆಂದಾಗಲಿ ಅವನಿಗೆ ಪೂರ್ತಿ ತಿಳಿಯುವುದಿಲ್ಲ. ಆ ಅರೆತಿಳಿವನ್ನು ನಟಿಸುವುದು ಬಲು ಕಷ್ಟ. ಹೆಚ್ಚು ತಿಳಿದವನಂತೆ ಕಂಡರೆ ಮಗುವಾಗಿ ಉಳಿಯುವುದಿಲ್ಲ, ಏನೂ ತಿಳಿಯದವನಂತೆ ಕಂಡರೆ ದುರಂತವೇ ನಮ್ಮನ್ನು ಮುಟ್ಟುವುದಿಲ್ಲ. ತಂದೆಯ ಜೊತೆ ಊರು ಬಿಡುವಾಗ, ತಲೆ ಬೋಳಿಸಿ ಮರದ ಕೆಳಗೆ ಕುಳಿತ ಯಮುನಕ್ಕನನ್ನು ಆ ಹುಡುಗ ನೋಡುವ ನೋಟವನ್ನು ನಿಮ್ಮ ಗೆಳೆಯರಿಗೆ ತೋರಿಸಿ. ಅವರಿಗೆ ಭಾಷೆ ಬಾರದಿದ್ದರೂ ಅಡ್ಡಿಯಾಗದು.

ಒಂದು ಸಂತೋಷದ ಸಂಗತಿಯನ್ನೂ ಹೇಳಿಬಿಡಿ: 2018ರ ಚಿತ್ರಗಳಿಗೆ ಕೊಟ್ಟ ರಾಷ್ಟ್ರಪ್ರಶಸ್ತಿಯಲ್ಲಿ ‘ಒಂದಲ್ಲಾ ಎರಡಲ್ಲಾ’ ಚಿತ್ರದ ರೋಹಿತ್ ಮತ್ತು ಮರಾಠಿಯ ‘ನಾಳ್’ ಚಿತ್ರದ ಶ್ರೀನಿವಾಸ ಪೋಕಳೆ, ಇನ್ನಿಬ್ಬರ ಜೊತೆಗೆ, ಬಾಲನಟ ಗೌರವವನ್ನು ಹಂಚಿಕೊಂಡರು.

ಪ್ರಶ್ನೆ: ಏಳು ವರ್ಷದ ಮಗಳು ಚುರುಕು, ಹಾಡುತ್ತಾಳೆ, ಕುಣಿಯುತ್ತಾಳೆ. ಮುಂಬಯಿಗೆ ಆಡಿಷನ್‌ಗೆ ಕರೆದೊಯ್ಯಿರಿ ಎಂದು ಪರಿಚಿತರು ಒತ್ತಾಯಿಸುತ್ತಿದ್ದಾರೆ. ಏನು ಮಾಡಲಿ?
– ತಾಯಿಯೊಬ್ಬರು, ವಾಸ್ಕೊ, ಗೋವಾ

ಉತ್ತರ: ಮೊದಲು ಒಬ್ಬ ಬಾಲಕನ ಕಥೆ ಕೇಳಿ. ಬೆಂಗಳೂರಿನಿಂದ ಮುಂಬಯಿಗೆ ಓಡಿ ಬಂದು ಬೀದಿಯಲ್ಲಿ ಬದುಕುತ್ತಿದ್ದ ಶಫೀಕ್ ಸಯ್ಯದ್ ಎಂಬ ಹುಡುಗನನ್ನು ಮೀರಾ ನಾಯರ್ ತಮ್ಮ ‘ಸಲಾಂ ಬಾಂಬೆ’ ಚಿತ್ರದ ಮುಖ್ಯಪಾತ್ರಕ್ಕೆ ಆರಿಸಿಕೊಂಡರು. 1988ರಲ್ಲಿ ಬಂದ ಆ ಚಿತ್ರದಲ್ಲಿ ಚಹಾ ಹಂಚುವ ‘ಚಾಯ್‌ಪಾವ್’ ಆಗಿ ಆತ ನಟಿಸಿದ್ದು ಇಂದಿಗೂ ಮೈನಡುಗಿಸುತ್ತದೆ. ಚಿತ್ರಕ್ಕೆ ಕಾನ್ ಉತ್ಸವದಲ್ಲಿ ಪ್ರಶಸ್ತಿ, ಹುಡುಗನಿಗೆ ರಾಷ್ಟ್ರಪ್ರಶಸ್ತಿ ದೊರೆತವು. ಆ ಬಳಿಕ ಅವಕಾಶಗಳು ಮುಂದುವರಿಯಲಿಲ್ಲ. ಆತ ಬೆಂಗಳೂರಿಗೆ ಮರಳಿ ಆಟೋರಿಕ್ಷಾ ಓಡಿಸಿ ಸಂಸಾರ ಸಾಗಿಸಿದರು. ಆಟೋ ಓಡಿಸುವುದು ಕೀಳಲ್ಲ. ಆದರೆ ಅಷ್ಟು ಎತ್ತರಕ್ಕೆ ಎತ್ತಿದ ಮಗುವನ್ನು ಚಿತ್ರರಂಗ ಎಷ್ಟು ಬೇಗ ಮರೆಯಿತು ಎಂಬುದು ನನಗೆ ಇಂದಿಗೂ ನೋವು ತರುತ್ತದೆ. ಆ ಚಿತ್ರದಿಂದ ಹುಟ್ಟಿದ ಸಲಾಂ ಬಾಲಕ್ ಟ್ರಸ್ಟ್ ಬೀದಿಮಕ್ಕಳಿಗಾಗಿ ದುಡಿಯುತ್ತ ಬಂದಿರುವುದಷ್ಟೇ ಸಮಾಧಾನ.

ಈಗ ನಿಯಮಗಳ ಬಲವಿದೆ. 2017ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ನಿಯಮಗಳ ಪ್ರಕಾರ ಮಗುವನ್ನು ದಿನಕ್ಕೆ 5 ಗಂಟೆಗಿಂತ ಹೆಚ್ಚು, ವಿರಾಮವಿಲ್ಲದೆ 3 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಸತತವಾಗಿ 27 ದಿನಗಳಿಗಿಂತ ಹೆಚ್ಚು ಕೆಲಸ ಕೊಡುವಂತಿಲ್ಲ. ಚಿತ್ರೀಕರಣಕ್ಕೆ ಜಿಲ್ಲಾ ದಂಡಾಧಿಕಾರಿಯ ಅನುಮತಿ ಬೇಕು, ಸಂಭಾವನೆಯ ಕನಿಷ್ಠ ಶೇ. 20ರಷ್ಟನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿಗೆ ಠೇವಣಿ ಇಡಬೇಕು. ಇವುಗಳ ಬಗ್ಗೆ ಮೊದಲ ಭೇಟಿಯಲ್ಲೇ ಕೇಳಿ. ಉತ್ತರ ತಡವರಿಸಿದರೆ ಎದ್ದು ಬನ್ನಿ.

ಆಡಿಷನ್ ಕೋಣೆಯಲ್ಲಿ ಇನ್ನೊಂದನ್ನು ಗಮನಿಸಿ. ಮಗಳಿಗೆ ದೊಡ್ಡವರ ಡೈಲಾಗ್ ಬಾಯಿಪಾಠ ಮಾಡಿಸಿ ‘ಈಗ ಅಳು, ಈಗ ನಗು’ ಎನ್ನುವವರಿಂದ ದೂರವಿರಿ. ಅವಳ ಕೈಗೆ ಒಂದು ಚೆಂಡನ್ನೋ ಒಂದು ಹಿಡಿ ಕಡಲೆಯನ್ನೋ ಕೊಟ್ಟು, ಅವಳು ಏನು ಮಾಡುತ್ತಾಳೆಂದು ಹತ್ತು ನಿಮಿಷ ಸುಮ್ಮನೆ ಕುಳಿತು ನೋಡುವ ನಿರ್ದೇಶಕರು ಸಿಕ್ಕರೆ, ಶಾಲೆಯ ರಜೆಯಲ್ಲಿ, ನೀವೂ ಜೊತೆಗಿದ್ದು, ಒಂದು ಚಿತ್ರ ಮಾಡಿಸಿ.